'ಕಸಿನ್' ಪದದ ಮೂಲ ಯಾವುದು?

ಬರ್ಲಿನ್ ಕನ್ನಡತಿ:
ನಮ್ಮ ಕಚೇರಿಯಲ್ಲಿ ಟರ್ಕಿ ಮೂಲದ ಗೆಳತಿಯೊಬ್ಬಳು ತನ್ನ ಚಿಕ್ಕಪ್ಪನ ಮಗನನ್ನು 'ಕುಜೆನ್' ಎನ್ನುತ್ತಾಳೆ. ಪಕ್ಕದ ಮೇಜಿನ ಪೋಲೆಂಡಿನವನು 'ಕುಜಿನ್' ಎನ್ನುತ್ತಾನೆ. ಜರ್ಮನರದು ಮೂಗಿನಲ್ಲಿ ಎಳೆಯುವ 'ಕುಜೆಂ'. ಎಲ್ಲರೂ ಇಂಗ್ಲಿಷಿನಿಂದ ಪಡೆದದ್ದೇ? ಇವರಿಗೆ ಸ್ವಂತ ಪದಗಳಿರಲಿಲ್ಲವೇ?

ಧಾರವಾಡದ ಓದುಗ:
ಇಂಗ್ಲಿಷಿನಿಂದಲ್ಲ, ಫ್ರೆಂಚಿನಿಂದ. ಇಂಗ್ಲಿಷಿಗೂ ಅದು ಬಂದದ್ದು ಫ್ರೆಂಚಿನಿಂದಲೇ. ಅದರ ಬೇರು ಲ್ಯಾಟಿನ್ನಿನ 'ಕೊನ್ಸೊಬ್ರಿನುಸ್'. ಆ ಪದದೊಳಗೆ 'ಸೊರೊರ್', ಅಂದರೆ ಅಕ್ಕತಂಗಿ, ಅಡಗಿದ್ದಾಳೆ. ಮೊದಲಿಗೆ ಅದು ಅಕ್ಕತಂಗಿಯರ ಮಕ್ಕಳಿಗಷ್ಟೇ ಸಲ್ಲುತ್ತಿತ್ತು. ಅಣ್ಣತಮ್ಮಂದಿರ ಮಕ್ಕಳು 'ಪತ್ರುಏಲಿಸ್'. ಅಣ್ಣನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ನಡುವಿನ ನಂಟಿಗೆ 'ಅಮಿತೀನುಸ್'. ಆದರೆ 2ನೆಯ ಶತಮಾನದಲ್ಲೇ ರೋಮಿನ ನ್ಯಾಯಶಾಸ್ತ್ರಜ್ಞ ಗಾಯುಸ್, ಅಣ್ಣತಮ್ಮಂದಿರ ಮಕ್ಕಳನ್ನೂ ಬಹಳ ಜನ 'ಕೊನ್ಸೊಬ್ರಿನುಸ್' ಎಂದೇ ಕರೆಯುತ್ತಾರೆ ಎಂದು ಬರೆದಿದ್ದಾನೆ. ಗೆರೆ ಅಳಿಸಿಹೋಗಲು ಆಗಲೇ ಶುರುವಾಗಿತ್ತು. ಸ್ಪ್ಯಾನಿಷ್‌ನಲ್ಲಿ ಇದೇ ಬೇರಿನ 'ಸೊಬ್ರಿನೊ' ಅಣ್ಣತಮ್ಮ ಅಥವಾ ಅಕ್ಕತಂಗಿಯ ಮಗನಾಗಿಬಿಟ್ಟ.

ಕೋಪನ್‌ಹೇಗನ್ ನಿವಾಸಿ:
ಡ್ಯಾನಿಷ್‌ನಲ್ಲಿ ಹೆಣ್ಣಿಗೆ ಮಾತ್ರ 'ಕುಸೀನೆ', ಗಂಡಿಗೆ ಹಳೆಯ 'ಫೆಟರ್'. ಸ್ವೀಡನ್ನಿನಲ್ಲಿ ಇಬ್ಬರಿಗೂ 'ಕುಸೀನ್'. ಪಕ್ಕದ ದೇಶ, ಒಂದೇ ಎರವಲು, ಬಳಕೆ ಬೇರೆ.

ಬರ್ಲಿನ್ ಕನ್ನಡತಿ:
ಇಬ್ಬರಿಗೂ ವಂದನೆಗಳು. ರೋಮನ್ನರ ಆ ಮೂರು ಪದಗಳನ್ನು ಓದಿ ಮೈ ಜುಮ್ಮೆಂದಿತು. ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣ, ಚಿಕ್ಕಮ್ಮನ ಮಗನೂ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗನಾದರೆ ಭಾವ ಅಥವಾ ಮೈದುನ, ಅವನೊಡನೆ ಮದುವೆಯ ಮಾತೂ ಏಳಬಹುದು! ಎಲ್ಲರನ್ನೂ 'ಕಸಿನ್' ಎಂದರೆ ಇಷ್ಟೂ ಮಾತು ನುಂಗಿದ ಹಾಗೆ. ನನ್ನ ತಂಗಿಯ ಮಕ್ಕಳು ಬೆಂಗಳೂರಿನಲ್ಲಿ ಹಾಗೇ ಅನ್ನುತ್ತಾರೆ, ಅದು ನನಗೆ ನಿಜಕ್ಕೂ ನೋವು ತರುತ್ತದೆ.

ಇವತ್ತು ಊಟದ ಹೊತ್ತಿಗೆ ಇಬ್ಬರನ್ನೂ ಕೇಳಿದೆ. ಟರ್ಕಿಯ ಗೆಳತಿ ಅಜ್ಜಿಯ ಮುಂದೆ 'ಕುಜೆನ್' ಎನ್ನುವುದೇ ಇಲ್ಲವಂತೆ. ಚಿಕ್ಕಪ್ಪನ ಮಗ 'ಅಮ್ಜಾ ಓಲು', ಸೋದರಮಾವನ ಮಗ 'ದಾಯಿ ಓಲು'. ಪೋಲೆಂಡಿನವನು ಸ್ವಲ್ಪ ಯೋಚಿಸಿ 'ಬ್ರಾತ್ ಸ್ತ್ರಿಯೆಚ್ನಿ' ಎಂದ: ಅಪ್ಪನ ಅಣ್ಣನದೋ ತಮ್ಮನದೋ ಕಡೆಯ ಸೋದರ. ಆಮೇಲೆ ತನ್ನ ಅಮ್ಮನಿಗೆ ಫೋನ್ ಮಾಡಿ, ಸರಿಯೇ ಎಂದು ಕೇಳಿಕೊಂಡ.