ಹಿಮ ನಿಂತಿದೆ, ಗಾಳಿ ನಿಂತಿಲ್ಲ

ಅಣ್ಣ: ಕಾಶ್ಮೀರದ ಗುಲ್ಮಾರ್ಗ್‌ನ ಗೈಡ್ ಕಳುಹಿಸಿದ ವಿಡಿಯೊ ನೋಡಿ. ಹಿಮ ಬೀಳುವುದು ನಿಂತು ಎರಡು ದಿನವಾಯಿತು, ಆಕಾಶ ತಿಳಿಯಾಗಿದೆ. ಶನಿವಾರ ಅಫರ್ವಾತ್ ಬೆಟ್ಟದ ಹಿಂಬದಿಯಲ್ಲಿ ಸ್ಕೀ ಮಾಡುತ್ತೇವೆ.

ನಾನು: ಅಣ್ಣ, ಬೆಟ್ಟದ ನೆತ್ತಿಯಲ್ಲಿ ಬಿಳಿ ಹೊಗೆ ಎದ್ದಂತೆ ಕಾಣುತ್ತಿದೆಯಲ್ಲ, ಅದು ಮೋಡವಲ್ಲ. ಗಾಳಿ ಹೊತ್ತೊಯ್ಯುತ್ತಿರುವ ಹಿಮ.

ಅಣ್ಣ: ಮುಳ್ಳಯ್ಯನಗಿರಿಯಲ್ಲಿ ನಿಲ್ಲಲಾಗದಂತಹ ಗಾಳಿಯಲ್ಲೂ ಹತ್ತಿದ್ದೇನೆ.

ನಾನು: ಇಲ್ಲಿಯ ಗಾಳಿ ನಿನ್ನನ್ನು ತಳ್ಳುತ್ತದೆ, ಅಷ್ಟೆ. ಅಲ್ಲಿಯದು ನೀನು ಕಾಲಿಡುವ ನೆಲವನ್ನೇ ಬದಲಿಸುತ್ತದೆ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಎಲ್ಲಿ ಗುಡ್ಡೆಯಾಗುತ್ತಿತ್ತು, ನೆನಪಿಸಿಕೊ. ಬೇಲಿಯ ಮರೆಯಲ್ಲಿ. ಹಾಗೆಯೇ ಗಾಳಿಗೆದುರಾದ ಮೈಯ ಹಿಮವೆಲ್ಲ ಎದ್ದು ಮರೆಯ ಮೈಯಲ್ಲಿ ಕೂರುತ್ತದೆ. ಹೊಸ ಹಿಮ ಬೀಳದೆಯೂ ಕೆಲವೇ ಗಂಟೆಗಳಲ್ಲಿ ಅಡಿಗಟ್ಟಲೆ ಪೇರಿಕೊಳ್ಳಬಹುದು. ಗಾಳಿಗೆ ಪುಡಿಯಾದ ಹರಳುಗಳು ಒತ್ತಾಗಿ ಕೂತು ಹಲಗೆಯಂತಾಗುತ್ತವೆ. ಕೆಳಗೆ ಸಕ್ಕರೆಯಂತಹ ಸಡಿಲ ಪದರವಿದ್ದರೆ ಒಬ್ಬನ ಭಾರಕ್ಕೇ ಹಲಗೆ ಬಿರಿದು ಜಾರುತ್ತದೆ. ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಿಮಗೆ ಸ್ಕೀ ಮಾಡಲು ಬೇಕಾಗುವುದೂ ಅದೇ ಇಳಿಜಾರು!

ದೊಡ್ಡಪ್ಪ: 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಯೋಧರಲ್ಲಿ ನಮ್ಮ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್ ಕೂಡ ಇದ್ದರು. ತರಬೇತಿ ಪಡೆದವರನ್ನೂ ಅದು ಬಿಡಲಿಲ್ಲ, ಮಗನೇ.

ಅಣ್ಣ: ದೊಡ್ಡಪ್ಪ, ಅದು 19,600 ಅಡಿ ಎತ್ತರದ ಠಾಣೆ. ಗುಲ್ಮಾರ್ಗ್‌ಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ.

ನಾನು: ಮಕ್ಕಳು ಹೋಗುವುದು ರಕ್ಷಣಾ ಸಿಬ್ಬಂದಿಯ ಗಸ್ತು ಇರುವ ಜಾಗಕ್ಕೆ. ಅದೇ ಅಫರ್ವಾತ್‌ನಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಸ್ಕೀಗಾರರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಹೂತುಹೋದವರು ಹದಿನೈದು ನಿಮಿಷದೊಳಗೆ ಹೊರಬರದಿದ್ದರೆ ಬದುಕುವ ಆಸೆ ಬೇಗ ಕರಗುತ್ತದೆ. ಅಷ್ಟರಲ್ಲಿ ಹೊರಗಿನಿಂದ ಯಾರು ಬರುತ್ತಾರೆ? ಜೊತೆಯವರೇ ಅಗೆಯಬೇಕು. ಹೂತವರು ಎಲ್ಲಿದ್ದಾರೆಂದು ರೇಡಿಯೊ ಸಂಕೇತದಿಂದ ತೋರಿಸುವ ಬೀಕನ್, ಸಲಿಕೆ, ಚುಚ್ಚಿ ಹುಡುಕುವ ಉದ್ದನೆಯ ಕೋಲು ಎಲ್ಲರ ಬಳಿಯೂ ಇವೆಯೇ? ಈಗಲೇ ಕೇಳು.

ಅಣ್ಣ: ಕೇಳಿದೆ. ಬೀಕನ್ ಗೈಡ್ ಬಳಿ ಮಾತ್ರ ಇದೆಯಂತೆ.

ಚಿಕ್ಕಮ್ಮ: ಹಾಗಾದರೆ ನಿನ್ನನ್ನು ಹುಡುಕುವುದು ಹೇಗಪ್ಪಾ? ಮುಂಗಡ ಎಷ್ಟು ಕೊಟ್ಟಿದ್ದೀಯ ಹೇಳು, ಕಾಫಿ ಮಾರಿದ ಹಣದಲ್ಲಿ ನಾನು ಕೊಡುತ್ತೇನೆ.

ಅಣ್ಣ: ಹಣದ ಮಾತಲ್ಲ ಚಿಕ್ಕಮ್ಮ. ಎರಡು ವರ್ಷದಿಂದ ಕಾದಿದ್ದೇನೆ.

ನಾನು: ಗೊತ್ತು ಅಣ್ಣ. ಹೋಗಬೇಡ ಎನ್ನುತ್ತಿಲ್ಲ. ಗಸ್ತು ಇರುವ ಇಳಿಜಾರಿನಲ್ಲಿ ಎಷ್ಟು ಬೇಕಾದರೂ ಸ್ಕೀ ಮಾಡು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಚಂಡೀಗಢ ಕೇಂದ್ರ ಹೊರಡಿಸುವ ಹಿಮಕುಸಿತ ಮುನ್ಸೂಚನೆಯನ್ನು ದಿನವೂ ನೋಡು.

ಅಣ್ಣ: ಸರಿ. ಹಿಂಬದಿಗೆ ಬರುವುದಿಲ್ಲವೆಂದು ಗೈಡ್‌ಗೆ ಹೇಳುತ್ತೇನೆ.

ದೊಡ್ಡಪ್ಪ: ಹೇಳಿದ ಮೇಲೆ ಇಲ್ಲಿ ತಿಳಿಸು. ನಾನು ಎಚ್ಚರವಾಗಿರುತ್ತೇನೆ.