2,000 ರೂಪಾಯಿ ಒಳಗೆ, ಆದರೆ ಅಗ್ಗದ್ದು ಅನ್ನಿಸದ ಡ್ರೆಸ್: ನಿಮ್ಮ ಅನುಭವ ಹೇಳಿ

ಅಂಧೇರಿ ಹುಡುಗಿ: ಅಕ್ಕಂದಿರೇ, ಹೊಸ ಕೆಲಸ ಸೇರಿದ್ದೇನೆ. ಮುಂದಿನ ತಿಂಗಳು ಆಫೀಸಿನವರ ಒಂದು ರಿಸೆಪ್ಶನ್ ಇದೆ. ಬಜೆಟ್ 2,000, ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಮೊಣಕಾಲು ಕೆಳಗೆ ಬರುವ ಡ್ರೆಸ್ ಬೇಕು. ನೋಡಿದವರಿಗೂ ದುಬಾರಿ ಅನ್ನಿಸಬೇಕು, ಮೈಗೂ ಹಾಗೇ ಅನ್ನಿಸಬೇಕು. ಸ್ಯಾಟಿನ್ ಅಂದ್ರೆ ನನಗೆ ಇಷ್ಟ. ನನ್ನ ಎತ್ತರ ಐದಡಿ ಅಷ್ಟೇ. ನೀವೆಲ್ಲ ಏನು ಮಾಡಿದ್ರಿ?

ಥಾಣೆ ಅತ್ತಿಗೆ: ಹೊಲಿಸಿಕೊಳ್ಳಿ. ಮುಗೀತು. ಮುಂಬಯಿಯ ಮಂಗಲದಾಸ್ ಬಟ್ಟೆ ಮಾರ್ಕೆಟ್‌ಗೆ ಹೋಗಿ, ಕ್ರಾಫರ್ಡ್ ಮಾರ್ಕೆಟ್ ಪಕ್ಕದಲ್ಲೇ ಇದೆ. ಭಾನುವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತೆ. ನನ್ನ ಲೆಕ್ಕ ಕೇಳಿ. ಬಾಟಲ್ ಗ್ರೀನ್ ಕ್ರೇಪ್, ಮಿಂಚು ಇಲ್ಲದ್ದು, ಮೀಟರಿಗೆ 280ರಂತೆ ಎರಡೂವರೆ ಮೀಟರ್, 700. ಕಾಟನ್ ಲೈನಿಂಗ್ ಎರಡು ಮೀಟರ್ 180. ಜಿಪ್ 30. ಹೊಲಿಗೆ 850. ಒಟ್ಟು 1,760. ಲೈನಿಂಗ್ ನೀರಿಗೆ ಹಾಕಿ ಒಣಗಿಸಿಯೇ ಹೊಲೀಬೇಕು ಅಂತ ಟೈಲರ್‌ಗೆ ಬಾಯಿಬಿಟ್ಟು ಹೇಳಿ ಬಂದಿದ್ದೆ. ಹಾಕಿದ್ದೀನಿ ಮೇಡಂ ಅಂದ. ಮೊದಲ ಒಗೆತಕ್ಕೆ ಒಳಗಿನ ಕಾಟನ್ ಕುಗ್ಗಿತು, ಹೊರಗಿನ ಕ್ರೇಪ್ ಕುಗ್ಗಲಿಲ್ಲ, ಸೊಂಟದ ಸುತ್ತ ಎಲ್ಲಾ ಉಬ್ಬಿ ನಿಂತಿತು. ಜಗಳ ಮಾಡಿದೆ. ಅವನು ಒಪ್ಪಲೇ ಇಲ್ಲ. ಬೇರೆ ಕಡೆ ಬಿಚ್ಚಿಸಿ ಮತ್ತೆ ಹಾಕಿಸಿದ್ದಕ್ಕೆ ಲೈನಿಂಗ್ 180, ಕೂಲಿ 300. ಅಂದ್ರೆ 2,240. ಇದೆಲ್ಲಾ ಆಗಿಯೂ ಹೇಳ್ತೀನಿ, ಇಷ್ಟು ಚೆನ್ನಾಗಿ ಬೀಳುವ ಡ್ರೆಸ್ ರೆಡಿಮೇಡ್‌ನಲ್ಲಿ ಸಿಗಲ್ಲ.

ಹಾರ್ಬರ್ ಲೈನ್: ಅತ್ತಿಗೆ, 2,240 ಕೊಟ್ಟು ಟೈಲರ್ ಜೊತೆ ಜಗಳ ಬೇರೆ ಯಾಕೆ? ನನ್ನದು ಫ್ಯಾಷನ್ ಸ್ಟ್ರೀಟ್ ಮಾಲು. 950 ಹೇಳಿದ, 550ಕ್ಕೆ ಕೊಟ್ಟ. ಎಕ್ಸ್‌ಪೋರ್ಟ್ ಸರ್‌ಪ್ಲಸ್, ಲೇಬಲ್ ಅರ್ಧ ಕತ್ತರಿಸಿತ್ತು. ನಾನು ಲೇಬಲ್ ನೋಡಲ್ಲ, ಡ್ರೆಸ್ ಒಳಮಗ್ಗುಲು ಮಾಡಿ ನೋಡ್ತೀನಿ. ಅಂಚಿನ ಇಂಟರ್‌ಲಾಕ್ ಹೊಲಿಗೆ ಒತ್ತಾಗಿದೆಯಾ, ದಾರ ಬಟ್ಟೆ ಬಣ್ಣದ್ದೇ ಇದೆಯಾ, ಕೆಳಗಿನ ಮಡಿಕೆ ಎರಡು ಬೆರಳು ಅಗಲ ಇದೆಯಾ, ಚೌಕಳಿ ಆದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂತಿದೆಯಾ. ಇಷ್ಟು ಸರಿ ಇದ್ರೆ ತಗೋತೀನಿ. ಮನೆಗೆ ಬಂದು ಅದರ ಜೊತೆ ಬಂದ ಪ್ಲಾಸ್ಟಿಕ್ ಬೆಲ್ಟ್ ಕಸಕ್ಕೆ. ಆ ಬೆಲ್ಟೇ ಮರ್ಯಾದೆ ತೆಗೆಯೋದು! ಭುಲೇಶ್ವರದಿಂದ ಸಿಂಪಿನ ಗುಂಡಿ ಎಂಟು ತಂದೆ, ಒಂದಕ್ಕೆ 15ರಂತೆ 120. ಭುಜ, ಪಕ್ಕ ಆಲ್ಟರ್ 200. ಒಟ್ಟು 870. ಮಾಟುಂಗದ ಮೈಸೂರು ಅಸೋಸಿಯೇಷನ್ ಕಾರ್ಯಕ್ರಮಕ್ಕೆ ಹಾಕಿಕೊಂಡು ಹೋದಾಗ ಒಬ್ಬರು ದುಬೈಯಿಂದ ತಂದಿದ್ದಾ ಅಂತ ಕೇಳಿದರು.

ಥಾಣೆ ಅತ್ತಿಗೆ: ದುಬೈ ಅಂತೆ. ಎಷ್ಟು ಸಲ ಒಗೆದಿದ್ದೀರಿ ಅದನ್ನ? ರೆಡಿಮೇಡ್‌ನಲ್ಲಿ ಹೊಲಿಗೆ ಒಳಗೆ ಬಟ್ಟೆ ಬಿಟ್ಟಿರಲ್ಲ. ಎರಡು ಕಿಲೋ ದಪ್ಪ ಆದ್ರೆ ಬಿಚ್ಚೋಕೆ ಏನೂ ಇರಲ್ಲ.

ಹಾರ್ಬರ್ ಲೈನ್: ನಾನು ದಪ್ಪ ಆಗಿಲ್ಲ, ನಿಮ್ಮ ಆಶೀರ್ವಾದ.

ಕೊಥ್ರೂಡ್ ಧಾರವಾಡದವಳು: ಇಬ್ಬರೂ ಸ್ವಲ್ಪ ಸುಮ್ನಿರ್ರಿ. ದುಬಾರಿ ಕಾಣಬೇಕು ಅಂದ್ರೆ ನಮ್ಮ ಗುಳೇದಗುಡ್ಡದ ಖಣ ಇದೆ. ಇಲ್ಲಿ ಪುಣೆಯಲ್ಲಿ ಖಣದ ಡ್ರೆಸ್ ಕಂಡರೆ ಜನ ಹಿಂದೆ ತಿರುಗಿ ನೋಡ್ತಾರೆ. ತುಳಶಿಬಾಗ್ ಪೇಟೆಯಲ್ಲಿ ರಾಶಿ ಹಾಕಿ ಮಾರೋದು ನೋಡಿದ್ದೇನೆ, ಅದರಲ್ಲಿ ಬಹಳಷ್ಟು ಪಾಲಿಯೆಸ್ಟರ್. ಹಾಗಾಗಿ ನಾನು ಊರಿಗೆ ಹೋದಾಗ ಕೈಮಗ್ಗದ್ದೇ ತಂದೆ, ಮೀಟರಿಗೆ 450. ಆದರೆ ಕೈಮಗ್ಗದ ಖಣಕ್ಕೆ ಪನ್ನ, ಅಂದ್ರೆ ಅಗಲ, ಕಡಿಮೆ. ಅದು ಕುಪ್ಪಸಕ್ಕೆ ಅಂತಲೇ ನೇಯ್ದ ಬಟ್ಟೆ ಅಲ್ವಾ. ಕೆಳಗೆ ಅಗಲವಾದ ಘೇರ್ ಬೇಕು ಅಂದ್ರೆ ತುಂಡು ಜೋಡಿಸಬೇಕು, ಬುಟ್ಟಾ ಸಾಲು ತಪ್ಪಬಾರದು. ಐದು ಮೀಟರ್ ಹಿಡಿಯಿತು, 2,250. ಹೊಲಿಗೆ 1,200. ಮೊದಲು ಕೊಟ್ಟ ಕಡೆ ಒಂದು ತುಂಡಿನ ಬುಟ್ಟಾ ತಲೆಕೆಳಗಾಗಿ ಕೂಡಿಸಿದ್ದರು. ಅದೂ ಎದುರಿಗೆ ಬರುವ ಕಡೆ! ಅರ್ಧ ಮೀಟರ್ ಉಳಿದಿತ್ತು, ಬದುಕಿದೆ. ಬಿಚ್ಚಿ ಹೊಲಿಸಿದ್ದು 350. ಒಟ್ಟು 3,800.

ವಾಶಿ ವನಮಾಲೆ: ಬಜೆಟ್ 2,000 ಅಂತ ಬರೆದಿದ್ದಾಳೆ ಮಾರಾಯ್ತಿ, ಓದಿದ್ದೀರಾ?

ಕೊಥ್ರೂಡ್ ಧಾರವಾಡದವಳು: ಓದಿದ್ದೇನೆ. ಹತ್ತು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 380 ಆಯಿತು. ಲೆಕ್ಕ ನಮಗೂ ಬರುತ್ತೆ.

ಗುಮಾಸ್ತ (ಮೂಳಜಿ ಜೇಠಾ): ನಾನು ಬಟ್ಟೆ ಪೇಟೆಯಲ್ಲಿ ಲೆಕ್ಕ ಬರೆಯುವವನು. ಗಂಡಸು ಇಲ್ಲಿ ಯಾಕೆ ಅಂತ ಬೈಯಬೇಡಿ. ಎರಡು ಮಾತು. ಒಂದು, 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸ್‌ಗೆ 2,500ರ ತನಕದ ರೆಡಿಮೇಡ್ ಮೇಲೆ ಜಿಎಸ್‌ಟಿ 5 ಪರ್ಸೆಂಟ್, ಅದರ ಮೇಲಾದ್ರೆ 18. ಮೊದಲು 1,000 ದಾಟಿದರೇ 12 ಇತ್ತು. ಅಂದ್ರೆ ಈಗ 1,500, 2,000ದ ಮಾಲು ಬ್ರ್ಯಾಂಡ್ ಅಂಗಡಿಯ ಸೇಲ್‌ನಲ್ಲಿ ನೋಡೋದಕ್ಕೆ ಅರ್ಥ ಇದೆ. ಎರಡು, ನೀವೆಲ್ಲ ಪಾಲಿಯೆಸ್ಟರ್‌ಗೆ ಸುಮ್ನೆ ಬೈತೀರಿ. ಒಳ್ಳೆ ತೂಕದ ಪಾಲಿಯೆಸ್ಟರ್ ಕ್ರೇಪ್ ಸುಕ್ಕಾಗಲ್ಲ, ಕುಗ್ಗಲ್ಲ. ತೆಳು ರೇಯಾನ್ ಲೋಕಲ್ ರೈಲಿನಲ್ಲಿ ಒಂದು ಸಲ ಕೂತು ಎದ್ದರೆ ಹಿಂದುಗಡೆ ಮುದ್ದೆ.

ವಾಶಿ ವನಮಾಲೆ: ಅಣ್ಣಾ, ನೀವು ಒಂದು ದಿನ ಪಾಲಿಯೆಸ್ಟರ್ ಡ್ರೆಸ್ ಹಾಕಿಕೊಂಡು ಮೇ ತಿಂಗಳ ಮಧ್ಯಾಹ್ನ ದಾದರ್ ಸೇತುವೆ ಹತ್ತಿ ಇಳಿಯಿರಿ. ಆಮೇಲೆ ತೂಕದ ಮಾತಾಡೋಣ. ನಂದು ಪಾಲಿಯೆಸ್ಟರ್ ಸ್ಯಾಟಿನ್, 1,899. ಅಂಗಡಿಯ ಹಳದಿ ದೀಪದಲ್ಲಿ ರೇಷ್ಮೆ ಹಾಗೆ ಇತ್ತು. ಮದುವೆ ಫೋಟೋದಲ್ಲಿ ಫ್ಲ್ಯಾಶ್ ಬಿದ್ದು ಮಿಠಾಯಿ ಸುತ್ತಿದ ಕಾಗದ ಆಯಿತು. ಕಂಕುಳ ಕೆಳಗೆ ಬೆವರಿನ ನಕ್ಷೆ. ವಾಪಸ್ ತಗೊಳ್ಳಲ್ಲ ಅಂದರು, ಡ್ರೈಕ್ಲೀನ್ 350, ಗುರುತು ಹೋಗಲಿಲ್ಲ. ಸ್ಯಾಟಿನ್ ಬೇಕೇ ಬೇಕು ಅನ್ನೋರು ಮೋಡಾಲ್ ಸ್ಯಾಟಿನ್ ನೋಡಿ, ಹೊಳಪು ಮೆತ್ತಗಿರುತ್ತೆ. ಬೆಲೆ ಜಾಸ್ತಿ.

ಮಡಗಾಂವ್: ಗೋವಾದಿಂದ ಒಂದೇ ಮಾತು. ಲಿನನ್ ಬ್ಲೆಂಡ್. ಮಳೆಗಾಲದಲ್ಲಿ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತೆ, ನೋಡಿಕೊಳ್ಳಿ.

ಹಾರ್ಬರ್ ಲೈನ್: ಐದಡಿ ಇದ್ದವರಿಗೆ ಲಿನನ್ ಗೌನ್ ಹಾಕಿಸಿದ್ರೆ ದಿಂಬಿನ ಕವರ್ ಆಗುತ್ತೆ. ಇರಲಿ. ಕೊಥ್ರೂಡ್ ಅವರೇ, ನಿಮ್ಮ ಖಣ ಕೈಮಗ್ಗದ್ದೇ ಅಂತ ಏನು ಗ್ಯಾರಂಟಿ? ನನ್ನ ನಾದಿನಿಗೂ ಹಾಗೇ ಹೇಳಿ 500ರಂತೆ ಕೊಟ್ಟಿದ್ದರು. ದಾರ ಸುಟ್ಟರೆ ಕರಗಿ ಮಣಿ ಆಯಿತು. ಪಕ್ಕಾ ಪಾಲಿಯೆಸ್ಟರ್.

ಕೊಥ್ರೂಡ್ ಧಾರವಾಡದವಳು: ನಾನು ಸುಟ್ಟು ನೋಡಿಯೇ ತಂದಿದ್ದು. ಕಾಗದ ಸುಟ್ಟ ವಾಸನೆ, ಬೂದಿ ಉದುರಿತು.

ಗುಮಾಸ್ತ (ಮೂಳಜಿ ಜೇಠಾ): ಎಷ್ಟು ದಾರ ಸುಟ್ಟಿರಿ? ಉದ್ದಕ್ಕೆ ಹೋಗುವ ಹಾಸು ಬೇರೆ, ಅಡ್ಡಕ್ಕೆ ಹೋಗುವ ಹೊಕ್ಕು ಬೇರೆ. ಎರಡನ್ನೂ ಎಳೆದು ಸುಡಬೇಕು. ಕಾಟನ್ ಒಂದರಲ್ಲಿ, ಪಾಲಿಯೆಸ್ಟರ್ ಇನ್ನೊಂದರಲ್ಲಿ ಇರೋ ಮಾಲು ದಿನಾ ನೋಡ್ತೀನಿ. ರೇಷ್ಮೆ ಇದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಇನ್ನೊಂದು, ರೇಯಾನ್ ಸುಟ್ಟರೂ ಕಾಗದದ ವಾಸನೆಯೇ. ವಾಸನೆ ನೋಡಿ ಕಾಟನ್ ಅನ್ನೋಕೆ ಆಗಲ್ಲ.

ಕೊಥ್ರೂಡ್ ಧಾರವಾಡದವಳು: ನಮ್ಮೂರ ಬಟ್ಟೆ ಬಗ್ಗೆ ನಮಗೆ ಮುಂಬಯಿಯವರು ಪಾಠ ಹೇಳೋದಾ?

ಗುಮಾಸ್ತ (ಮೂಳಜಿ ಜೇಠಾ): ನಾನು ಬಾದಾಮಿ ತಾಲೂಕಿನವನು, ತಾಯಿ. ನಮ್ಮ ಮನೆಯಲ್ಲೇ ಮಗ್ಗ ಇತ್ತು.

ಥಾಣೆ ಅತ್ತಿಗೆ: ಹಹಹ.

ಕೊಥ್ರೂಡ್ ಧಾರವಾಡದವಳು: ಅತ್ತಿಗೆ, ನೀವು ನಗಬೇಡ್ರಿ, ನಿಮ್ಮ ಲೈನಿಂಗ್ ನೋಡಿಕೊಳ್ರಿ. ಅಣ್ಣಾ, ಉಳಿದ ತುಂಡು ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಎರಡೂ ದಾರ ಎಳೆದು ಸುಟ್ಟು ಫೋಟೋ ಹಾಕ್ತೀನಿ. ಮಣಿ ಆಗದಿದ್ದರೆ ಹಾರ್ಬರ್ ಲೈನ್ ಅವರು ಇಲ್ಲೇ, ಎಲ್ಲರ ಎದುರಿಗೆ, ಖಣದ ಬಗ್ಗೆ ಆಡಿದ ಮಾತು ವಾಪಸ್ ತಗೋಬೇಕು.

ಹಾರ್ಬರ್ ಲೈನ್: ಫೋಟೋದಲ್ಲಿ ವಾಸನೆ ಹೇಗೆ ಬರುತ್ತೆ?