ಮಗುವಿನ ಡಬ್ಬಿಗೆ ಜಪಾನಿ ಕರಿ ರೈಸ್: ಸಸ್ಯಾಹಾರಿ ಮನೆಗಳಿಗೆ

ಏಪ್ರಿಲ್‌ನಲ್ಲಿ ಮಕ್ಕಳನ್ನು ಜಪಾನಿನ ಶಾಲೆಯ ಒಂದನೇ ಕ್ಲಾಸಿಗೆ ಸೇರಿಸುತ್ತಿರುವ ಒಂದಿಬ್ಬರು ಕನ್ನಡಿಗರು ಇಲ್ಲಿ ಕೇಳಿದ್ದಾರೆ: ನಮ್ಮದು ಸಸ್ಯಾಹಾರ, ಶಾಲೆಯಲ್ಲಿ ಕರಿ ರೈಸ್, ಅಂದರೆ ಅನ್ನದ ಜೊತೆ ಮಾಂಸ, ತರಕಾರಿಯ ಗಟ್ಟಿ ಗಸಿ, ಬಡಿಸುವ ದಿನ ಮಗುವಿಗೆ ಏನು ಕಟ್ಟಿಕೊಡೋದು? ಕರಿ ರೈಸನ್ನೇ ಕಟ್ಟಿಕೊಡಿ ಅಂತೀನಿ ನಾನು. ಚಿತ್ರಾನ್ನ, ಚಪಾತಿ, ಪಲ್ಯ ಎಲ್ಲ ಮಿಕ್ಕ ದಿನಗಳಿಗೆ ಇರಲಿ. ಅವತ್ತು ಮಾತ್ರ ಪಕ್ಕದಲ್ಲಿ ಕೂತ ಮಗುವಿನ ತಟ್ಟೆಯಲ್ಲಿ ಇರುವ ಬಣ್ಣ, ವಾಸನೆಯೇ ನಮ್ಮ ಮಗುವಿನ ಡಬ್ಬಿಯಲ್ಲೂ ಇರಬೇಕು.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಇಲ್ಲಿನ ಶಾಲೆಯ ಊಟ, ಅಂದರೆ ಕ್ಯೂಶೋಕು, ಪಾಠದಷ್ಟೇ ಮುಖ್ಯ. ಮಕ್ಕಳು ಸರದಿಯ ಪ್ರಕಾರ ಬಿಳಿ ಕೋಟು, ಟೋಪಿ ಹಾಕಿಕೊಂಡು ಪಾತ್ರೆ ಹೊತ್ತು ತರುತ್ತಾರೆ, ಕ್ಲಾಸಿನಲ್ಲೇ ಬಡಿಸುತ್ತಾರೆ, ಎಲ್ಲರಿಗೂ ಆದ ಮೇಲೆ ಒಟ್ಟಿಗೆ ‘ಇತಾದಾಕಿಮಾಸು’ ಹೇಳಿ ಶುರು ಮಾಡುತ್ತಾರೆ. ಟೀಚರೂ ಅಲ್ಲೇ ಕೂತು ಅದನ್ನೇ ತಿನ್ನುತ್ತಾರೆ. 1954ರಿಂದ ಇದಕ್ಕೆಂದೇ ಒಂದು ಕಾನೂನಿದೆ. ಆ ಊಟದಲ್ಲಿ ಮಕ್ಕಳು ಬಾಯಲ್ಲಿ ನೀರೂರಿಸಿಕೊಂಡು ಕಾಯೋದು ಕರಿಗೆ. 1982ರ ಜನವರಿ 22ರಂದು ದೇಶದ ಶಾಲೆಗಳೆಲ್ಲ ಒಂದೇ ದಿನ ಕರಿ ಬಡಿಸಲಿ ಎಂದು ಶಾಲಾ ಪೌಷ್ಟಿಕ ತಜ್ಞರ ಸಂಘ ಕರೆ ಕೊಟ್ಟಿತ್ತು. ಜನವರಿ 22 ಇವತ್ತಿಗೂ ಕರಿ ದಿನ. ಅಂಥ ದಿನ ನಮ್ಮ ಮಗು ಡಬ್ಬಿ ಮುಚ್ಚಳ ಅರ್ಧ ತೆರೆದು, ಕೈ ಅಡ್ಡ ಇಟ್ಟುಕೊಂಡು ತಿನ್ನುವ ಹಾಗಾಗಬಾರದು.

ತಿಂಗಳ ಕೊನೆಗೆ ಮುಂದಿನ ತಿಂಗಳ ‘ಕೊಂದಾತೆಹ್ಯೋ’ ಬರುತ್ತದೆ, ಯಾವ ದಿನ ಏನು ಊಟ ಅನ್ನುವ ಹಾಳೆ. ಫ್ರಿಜ್ ಬಾಗಿಲಿಗೆ ಅಂಟಿಸಿ, ಕರಿ ಇರುವ ದಿನಕ್ಕೆ ಗುಂಡು ಸುತ್ತಿ. ಮನೆಯ ಊಟ ತರಲು ಶಾಲೆಯ ಒಪ್ಪಿಗೆ ಬೇಕು. ಕ್ಲಾಸ್ ಟೀಚರ್ ಜೊತೆಗೆ ಶಾಲೆಯ ಪೌಷ್ಟಿಕ ತಜ್ಞರನ್ನೂ ಒಮ್ಮೆ ಕಂಡು ಮಾತಾಡಿ. ಯಾವ ತರಕಾರಿ ಹಾಕುತ್ತಾರೆ, ಎಷ್ಟು ದೊಡ್ಡ ಹೋಳು ಅನ್ನುವುದನ್ನೂ ಅವರು ಖುಷಿಯಿಂದ ಹೇಳುತ್ತಾರೆ.

ಈಗ ಅಂಗಡಿಯ ವಿಷಯ. ಸೂಪರ್ ಮಾರ್ಕೆಟ್ಟಿನಲ್ಲಿ ಚಾಕೊಲೇಟ್ ಬಾರಿನಂತೆ ಗೆರೆ ಹಾಕಿದ ‘ಕರಿ ರೂ’ ಅನ್ನುವ ಗಟ್ಟಿಗಳು ಒಂದು ಇಡೀ ಸಾಲು ಇರುತ್ತವೆ. ಹಿಟ್ಟು, ಕೊಬ್ಬು, ಮಸಾಲೆ, ಉಪ್ಪು, ಸಕ್ಕರೆ ಸೇರಿಸಿ ಹೆಪ್ಪುಗಟ್ಟಿಸಿದ್ದು ಅದು. ನಮಗೆ ತೊಡಕಾಗುವುದು ಆ ಕೊಬ್ಬು. ಡಬ್ಬದ ಮೇಲೆ ಸೇಬು, ಜೇನಿನ ಚಿತ್ರ ಇದೆ ಅಂತ ತಂದುಬಿಡಬೇಡಿ. ಹಿಂದೆ ತಿರುಗಿಸಿದರೆ ‘ಗ್ಯೂಶಿ’ ಅಂದರೆ ದನದ ಕೊಬ್ಬು, ‘ತೊನ್ಶಿ’ ಅಥವಾ ‘ರಾಡೋ’ ಅಂದರೆ ಹಂದಿಯ ಕೊಬ್ಬು, ‘ಚಿಕಿನ್ ಎಕಿಸು’, ‘ಬೀಫು ಎಕಿಸು’ ಅನ್ನುವ ಮಾಂಸದ ಸಾರಗಳು ಕಾಣಬಹುದು. ದನ, ಹಂದಿ, ಕೋಳಿ, ಮೀನು: ಈ ನಾಲ್ಕರ ಕಾಂಜಿಗಳನ್ನು, ಅಂದರೆ ಜಪಾನಿ ಚಿತ್ರಾಕ್ಷರಗಳನ್ನು, ಮೇಲೆ ಹೇಳಿದ ಹೆಸರುಗಳ ಜೊತೆ ಕಲಿತುಬಿಡಿ, ಬೇರೆ ಯಾವ ಕಾಂಜಿ ಬಾರದಿದ್ದರೂ ಅಡುಗೆಮನೆ ನಡೆಯುತ್ತದೆ. ಕೋಳಿ ತಿಂದು ದನ, ಹಂದಿ ಬಿಡುವ ಮನೆಗಳಿಗೂ, ಹಲಾಲ್ ನೋಡುವ ನಮ್ಮ ಮುಸ್ಲಿಂ ಸ್ನೇಹಿತರಿಗೂ ಇದೇ ಮಾತು. ಹಲಾಲ್ ಮುದ್ರೆ ಇರುವ ರೂ ಬೇರೆ ಸಿಗುತ್ತದೆ.

ಬೇಗ ಆಗಬೇಕು ಅಂದರೆ ಒಂದು ದಾರಿ ಇದೆ. ಅಲರ್ಜಿ ಇರುವ ಮಕ್ಕಳಿಗೆಂದು ಮಾಡಿದ, ‘28 ಬಗೆಯ ಪದಾರ್ಥ ಬಳಸಿಲ್ಲ’ ಎಂದು ಬರೆದ ರೂ ಹುಡುಕಿ. ಆ ಪಟ್ಟಿಯಲ್ಲಿ ಗೋಧಿ, ಹಾಲು, ಮೊಟ್ಟೆಯ ಜೊತೆಗೆ ದನ, ಹಂದಿ, ಕೋಳಿಯ ಮಾಂಸ, ಜೆಲಟಿನ್ ಎಲ್ಲವೂ ಸೇರಿವೆ. ಕತ್ಸುಓದಂಥ ಎಷ್ಟೋ ಮೀನುಗಳು ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಮೀನಿನ ಹೆಸರು ಇದೆಯೇ ಅಂತ ಬೇರೆಯಾಗಿ ನೋಡಿಕೊಳ್ಳಿ. ಸಾಮಾನ್ಯ ಡಬ್ಬದ ಮೇಲಿನ ಅಲರ್ಜಿ ಚೌಕವನ್ನೇ ನಂಬಿ ಕೂರಬೇಡಿ. ಮೊಟ್ಟೆ, ಹಾಲು, ಗೋಧಿಯ ಹಾಗೆ ಮಾಂಸವನ್ನು ಅದರಲ್ಲಿ ತೋರಿಸುವುದು ಕಡ್ಡಾಯವಲ್ಲ, ಸಲಹೆಯಷ್ಟೇ. ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಆದರೂ ನಾನು ಹೇಳುವುದು ರೂ ಮನೆಯಲ್ಲೇ ಹುರಿಯಿರಿ ಅಂತ. ಕಷ್ಟ ಏನೂ ಇಲ್ಲ. ನಾಲ್ಕು ಜನಕ್ಕೆ 50 ಗ್ರಾಂ ಬೆಣ್ಣೆ, 50 ಗ್ರಾಂ ಮೈದಾ, ಎರಡು ದೊಡ್ಡ ಚಮಚ ಕರಿ ಪುಡಿ. ಎಸ್ ಆ್ಯಂಡ್ ಬಿ ಕಂಪನಿಯ ಕೆಂಪು ತಗಡಿನ ಡಬ್ಬಿಯ ಪುಡಿ ಬರೀ ಮಸಾಲೆ. ಅರಿಸಿನ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸಿನ ಜೊತೆಗೆ ಒಣಗಿಸಿದ ಕಿತ್ತಳೆ ಸಿಪ್ಪೆಯೂ ಇದೆ. ಆ ಸಿಪ್ಪೆಯ ಘಮವೇ ಇದನ್ನು ನಮ್ಮ ಸಾಗುವಿನಿಂದ ಬೇರೆ ಮಾಡುವುದು. ಊರಿಂದ ತಂದ ಹುಳಿಪುಡಿ ಇದಕ್ಕೆ ಬೇಡ.

ಬೆಣ್ಣೆ ಕರಗಿದ ಮೇಲೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಮೊದಲು ಮುದ್ದೆಯಾಗುತ್ತದೆ, ಆಮೇಲೆ ಸಡಿಲಾಗಿ ನೊರೆ ಬರುತ್ತದೆ, ಹಸಿ ವಾಸನೆ ಹೋಗಿ ಬಿಸ್ಕತ್ತು ಬೇಯುವಾಗಿನ ವಾಸನೆ ಏಳುತ್ತದೆ. ಬೆಲ್ಲದ ಬಣ್ಣಕ್ಕೆ ಬರುವವರೆಗೆ, ಹದಿನೈದು ನಿಮಿಷವಾದರೂ ಬೇಕು. ಉರಿ ಆರಿಸಿದ ಮೇಲೆಯೇ ಕರಿ ಪುಡಿ ಹಾಕಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಇದನ್ನು ಒಂದು ತಟ್ಟೆಯಲ್ಲಿ ಹರಡಿ ಆರಿಸಿ ತುಂಡು ಮಾಡಿದರೆ ಫ್ರೀಜರ್‌ನಲ್ಲಿ ತಿಂಗಳು ಇರುತ್ತದೆ. ಶಾಲೆಯ ದಿನ ಬೆಳಗ್ಗೆ ಅದೇ ಕೈಗೆ ಬರುತ್ತದೆ.

ನೀರಿನ ಬದಲು ದಾಶಿ, ಅಂದರೆ ಜಪಾನಿ ಅಡುಗೆಯ ತಿಳಿಸಾರ, ಹಾಕಿದರೆ ರುಚಿಯೇ ಬೇರೆ. ಅಂಗಡಿಯ ದಾಶಿ ಪುಡಿಯಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ‘ಕೊಂಬು’ ಅನ್ನುವ ಒಣ ಕಡಲಕಳೆಯ ಬೆರಳುದ್ದದ ತುಂಡು, ಎರಡು ಒಣ ಶೀತಾಕೆ ಅಣಬೆ, ಮುಕ್ಕಾಲು ಲೀಟರ್ ನೀರು, ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆಯಲಿ. ಬೆಳಗ್ಗೆ ಕೊಂಬು ತೆಗೆದಿಟ್ಟು, ಅಣಬೆಯನ್ನು ಹೆಚ್ಚಿ ಕರಿಗೇ ಹಾಕಿ.

ಎರಡು ಈರುಳ್ಳಿ, ಒಂದು ಕ್ಯಾರೆಟ್, ಎರಡು ಆಲೂಗಡ್ಡೆ. ಒಂದು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಕಂದು ಬಣ್ಣ ಬರುವವರೆಗೆ ಬಾಡಿಸಿ, ಇನ್ನೊಂದನ್ನು ದಪ್ಪ ಹೋಳು ಮಾಡಿ ತರಕಾರಿಯ ಜೊತೆ ಹಾಕಿ. ಆಲೂಗಡ್ಡೆ ‘ಮೇ ಕ್ವೀನ್’ ತಗೊಳ್ಳಿ, ಹೋಳು ಹೋಳಾಗಿಯೇ ನಿಲ್ಲುತ್ತದೆ. ‘ದಾನ್ಶಾಕು’ ಕರಗಿ ಗಸಿಗೆ ಸೇರಿಬಿಡುತ್ತದೆ. ಮಾಂಸದ ಜಾಗಕ್ಕೆ ಆತ್ಸುಆಗೆ, ಅಂದರೆ ಕರಿದ ದಪ್ಪ ತೋಫು. ಅದರ ಮೇಲೆ ಕುದಿಯುವ ನೀರು ಸುರಿದು ಎಣ್ಣೆ ತೆಗೆದು ಚೌಕ ಹೋಳು ಮಾಡಿದರೆ ಮಕ್ಕಳು ಚಪ್ಪರಿಸಿ ತಿನ್ನುತ್ತಾರೆ. ಪನ್ನೀರ್ ಹಾಕಬೇಡಿ, ಬೆಲೆ ಹೆಚ್ಚು, ಈ ಗಸಿಯನ್ನು ಹೀರಿಕೊಳ್ಳುವುದೂ ಇಲ್ಲ.

ದಾಶಿಯಲ್ಲಿ ತರಕಾರಿ ಬೆಂದ ಮೇಲೆ ಉರಿ ಪೂರ್ತಿ ಆರಿಸಿ. ಕುದಿ ನಿಂತ ಮೇಲೆ ರೂ ತುಂಡುಗಳನ್ನು ಹಾಕಿ ನಿಧಾನಕ್ಕೆ ಕರಗಿಸಬೇಕು. ಕುದಿಯುವ ನೀರಿಗೆ ಹಾಕಿದರೆ ತುಂಡಿನ ಹೊರಗಿನ ಹಿಟ್ಟು ತಕ್ಷಣ ಬೆಂದು, ಒಳಗೆ ಪುಡಿ ಉಳಿದು ಗಂಟು ಕಟ್ಟುತ್ತದೆ. ಕರಗಿದ ಮೇಲೆ ಮತ್ತೆ ಸಣ್ಣ ಉರಿ, ಹತ್ತು ನಿಮಿಷ. ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಕೆಚಪ್, ರುಚಿಗೆ ಉಪ್ಪು. ಅರ್ಧ ಸೇಬು ತುರಿದು ತರಕಾರಿ ಬೇಯುವಾಗಲೇ ಹಾಕಿರಬೇಕು. ಜೇನು ಹಾಕುವುದಾದರೆ ಅದೂ ಆವಾಗಲೇ, 20 ನಿಮಿಷ ಕುದಿಯಬೇಕು. ಜೇನಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಕೊನೆಗೆ ಹಾಕಿದರೆ ಗಟ್ಟಿಯಾಗಿದ್ದ ಕರಿ ಸ್ವಲ್ಪ ಹೊತ್ತಿಗೆ ನೀರು ನೀರಾಗುತ್ತದೆ. ನಾಲಿಗೆಗೆ ತಾಗಿಸಿದ ಸೌಟನ್ನು ಪಾತ್ರೆಗೆ ಮತ್ತೆ ಅದ್ದಿದರೂ ಹಾಗೇ ಆಗಬಹುದು, ಎಂಜಲಿನಲ್ಲೂ ಅದೇ ಕಿಣ್ವ ಇದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಹಾಕಿದ ಕರಿ ಕೊಡಲೇಬಾರದು, ಕುದಿಸಿದ್ದರೂ ಸರಿ.

ಒಗ್ಗರಣೆ ಬೇಡ. ಇಂಗು, ಸಾಸಿವೆ, ಕರಿಬೇವು ನಮ್ಮ ಪ್ರಾಣ, ಆದರೆ ಅದು ಬಿದ್ದ ತಕ್ಷಣ ಇದು ನಮ್ಮ ಅಡುಗೆಯಾಗುತ್ತದೆ, ಮಗು ಕೇಳಿದ ಅಡುಗೆ ಆಗುವುದಿಲ್ಲ.

ಅಕ್ಕಿ ಜಪಾನಿನದೇ ಇರಲಿ. ಸೋನಾ ಮಸೂರಿಯ ಅನ್ನ ಈ ಗಸಿಯ ಕೆಳಗೆ ಬಿಡಿಬಿಡಿಯಾಗಿಬಿಡುತ್ತದೆ, ಚಮಚಕ್ಕೆ ಸಿಗುವುದಿಲ್ಲ. ತೊಳೆದು ಅರ್ಧ ಗಂಟೆ ನೆನೆಸಿ, ಮಾಮೂಲಿಗಿಂತ ಒಂದು ಚೂರು ನೀರು ಕಡಿಮೆ ಇಟ್ಟು ಮಾಡಿ. ಒಂದು ಪಕ್ಕ ಅನ್ನ, ಒಂದು ಪಕ್ಕ ಕರಿ, ಅಂಚಿಗೆ ಕೆಂಪು ಫುಕುಜಿನ್‌ಜುಕೆ ಉಪ್ಪಿನಕಾಯಿ. ಎರಡೂ ಸೇರುವ ಗಡಿಯಿಂದ ಚಮಚದಲ್ಲಿ ತೆಗೆದು ತಿನ್ನುವುದು ಇಲ್ಲಿನ ಕ್ರಮ. ಮನೆಯಲ್ಲಿ ಕೈಯಲ್ಲಿ ಕಲಸಿ ತಿನ್ನುವ ಮಗು ಶಾಲೆಯಲ್ಲಿ ಹೀಗೆ ತಿನ್ನುವುದನ್ನು ತಾನಾಗೇ ಕಲಿಯುತ್ತದೆ, ಎರಡಕ್ಕೂ ಜಾಗ ಇದೆ.

ಮುಖ್ಯವಾದ ಒಂದು ಎಚ್ಚರಿಕೆ. ರಾತ್ರಿಯ ಹುಳಿಯನ್ನು ಒಲೆಯ ಮೇಲೇ ಬಿಟ್ಟು ಬೆಳಗ್ಗೆ ಕುದಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಈ ಕರಿಗೆ ಅದು ಸಲ್ಲದು. ವೆಲ್ಷ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ದಪ್ಪ ಗಸಿಯ ತಳದಲ್ಲಿ ಗಾಳಿ ಇಲ್ಲ, ಪಾತ್ರೆ ನಿಧಾನವಾಗಿ ಆರುತ್ತಾ 40–50 ಡಿಗ್ರಿಯ ಹತ್ತಿರ ಇರುವಾಗ ಅದು ಭರದಿಂದ ಬೆಳೆಯುತ್ತದೆ. ಎರಡನೇ ದಿನದ ಕರಿ ಹೆಚ್ಚು ರುಚಿ ಅಂತ ಇಲ್ಲಿಯವರೂ ಹೇಳುತ್ತಾರೆ, ಹಾಗೆ ಇಟ್ಟು ಹೊಟ್ಟೆ ಕೆಡಿಸಿಕೊಳ್ಳುವವರೂ ಇದ್ದಾರೆ. ಅಗಲ ಡಬ್ಬಗಳಿಗೆ ತೆಳ್ಳಗೆ ಹಾಕಿ, ಬೇಗ ಆರಿಸಿ, ಫ್ರಿಜ್ಜಿಗಿಡಿ. ಬೆಳಗ್ಗೆ ತಳದಿಂದ ತಿರುವುತ್ತಾ ಚೆನ್ನಾಗಿ ಕುದಿಸಿ. ಬಿಸಿ ಉಳಿಸುವ ಸೂಪ್ ಜಾರಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುತ್ತಿರುವ ಕರಿಯನ್ನು ತುಂಬಿ. ಉಳಿದು ಮನೆಗೆ ಬಂದದ್ದನ್ನು ಚೆಲ್ಲಿಬಿಡಿ.

ಇನ್ನು ಮಗುವಿನ ಪ್ರಶ್ನೆ. ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ, ನೀನು ಇಂಡಿಯಾದವನು, ದಿನಾ ಕರಿ ತಿಂತೀಯಾ ಅಂತ. ಮಗು ಮನೆಗೆ ಬಂದು, ಇದು ನಮ್ಮದಾ ಅವರದಾ ಅನ್ನುತ್ತದೆ. ಅವರದು ಅಂತ ಹೇಳಿ, ಕಥೆಯನ್ನೂ ಹೇಳಿ. ಮೇಜಿ ಕಾಲದಲ್ಲಿ ಇದು ಬ್ರಿಟಿಷರ ಅಡುಗೆಯಾಗಿ ಇಲ್ಲಿಗೆ ಬಂತು. 1872ರ ಅಡುಗೆ ಪುಸ್ತಕಗಳಲ್ಲೇ ಮಾಡುವ ವಿಧಾನ ಅಚ್ಚಾಗಿದೆ. ನೌಕಾಪಡೆಯ ಊಟವಾಯಿತು, ಇವತ್ತಿಗೂ ಅಲ್ಲಿ ಶುಕ್ರವಾರ ಕರಿಯ ದಿನ. 1963ರಲ್ಲಿ ಹೌಸ್ ಕಂಪನಿ ಸೇಬು, ಜೇನು ಸೇರಿಸಿದ ವರ್ಮಾಂಟ್ ಕರಿ ತಂದ ಮೇಲೆ ಇದು ಪಕ್ಕಾ ಮಕ್ಕಳ ಅಡುಗೆಯೂ ಆಯಿತು. ಸ್ವಲ್ಪ ದೊಡ್ಡ ಮಕ್ಕಳಾದರೆ ಟೋಕಿಯೋದ ಶಿಂಜುಕುವಿನಲ್ಲಿರುವ ನಾಕಾಮುರಾಯಾ ಅನ್ನುವ ಅಂಗಡಿಗೆ ಕರೆದುಕೊಂಡು ಹೋಗಿ ರಾಸ್ ಬಿಹಾರಿ ಬೋಸರ ಬಗ್ಗೆ ಹೇಳಿ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಆ ಕ್ರಾಂತಿಕಾರಿಗೆ ಆಶ್ರಯ ಕೊಟ್ಟು ಅಡಗಿಸಿಟ್ಟದ್ದು ಆ ಅಂಗಡಿಯ ಸೋಮಾ ದಂಪತಿ. ಅವರ ಮಗಳು ತೋಶಿಕೋಳನ್ನೇ ಬೋಸ್ ಮದುವೆಯಾದರು. 1927ರಲ್ಲಿ ಅಲ್ಲಿ ಶುರುವಾದ ಭಾರತೀಯ ಶೈಲಿಯ ಕರಿ ಅವರದೇ ಕೊಡುಗೆ. ಅದು ಕೋಳಿಯ ಕರಿ, ಸಸ್ಯಾಹಾರಿಗಳು ಕಥೆಯನ್ನಷ್ಟೇ ಸವಿಯಬೇಕು.

ಕೆಲವರು ಇಲ್ಲಿ ಬೇಸರ ತೋಡಿಕೊಂಡಿದ್ದಾರೆ: ಮಕ್ಕಳು ‘ಆಮಾಕುಚಿ’ಯ ಸಿಹಿ ಕರಿಗೆ ಒಗ್ಗಿ ಮನೆಯ ಸಾರು ಖಾರ ಅಂತ ದೂರ ತಳ್ಳುತ್ತಾರೆ ಎಂದು. ಈ ಕರಿಯನ್ನು ಮನೆಗೆ ತರದೇ ಇದ್ದರೆ ಸಾರು ಉಳಿಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಮ್ಮನೇ ಮಾಡಿದ ಕರಿ ತಿಂದ ಮಗು, ಅಮ್ಮ ಮಾಡಿದ ಮಿಕ್ಕದ್ದನ್ನೂ ನಂಬಿ ಬಾಯಿಗಿಡುತ್ತದೆ. ಸಾರಿಗೆ ಮೆಣಸಿನಕಾಯಿ ಕಡಿಮೆ ಮಾಡಿ, ತುಪ್ಪ ಜಾಸ್ತಿ ಹಾಕಿ, ದಿನಾ ಬಡಿಸುತ್ತಾ ಇರಿ. ಊರಿಗೆ ಹೋದಾಗ ಅಜ್ಜಿಗೆ ಮಗುವೇ ಕರಿ ರೈಸ್ ಮಾಡಿ ಬಡಿಸಲಿ. ಮೈದಾ, ಬೆಣ್ಣೆ, ಆಲೂಗಡ್ಡೆ ಶಿವಮೊಗ್ಗದಲ್ಲೂ ಸಿಗುತ್ತವೆ, ಪುಡಿಯ ಡಬ್ಬಿಯೊಂದು ಬ್ಯಾಗಿನಲ್ಲಿದ್ದರೆ ಸಾಕು.

ಐದನೇ ಕ್ಲಾಸಿನ ಹತ್ತಿರ ಬಂದವರಿಗೆ ಒಂದು ಮಾತು. ಆ ವಯಸ್ಸಿನಲ್ಲಿ ‘ರಿಂಕಾನ್ ಗಕ್ಕೋ’ ಅಂತ ಶಿಬಿರಕ್ಕೆ ಕರೆದುಕೊಂಡು ಹೋಗುವ ಶಾಲೆಗಳು ಬಹಳ. ಕಟ್ಟಿಗೆ ಒಲೆ ಹಚ್ಚಿ ಮಕ್ಕಳೇ ಗುಂಪು ಗುಂಪಾಗಿ ಅಡುಗೆ ಮಾಡುತ್ತಾರೆ, ಸಾಮಾನ್ಯವಾಗಿ ಅದು ಕರಿಯೇ. ತರಕಾರಿ ಹೆಚ್ಚಿ, ಒಲೆ ಊದಿ, ಕೊನೆಗೆ ತಾನು ಮಾತ್ರ ತಿನ್ನದೆ ಕೂರುವ ಸ್ಥಿತಿ ಯಾವ ಮಗುವಿಗೂ ಬೇಡ. ಶಿಬಿರದ ವಿವರಣೆ ಸಭೆಗೆ ಕರೆದಾಗಲೇ ಟೀಚರ್ ಹತ್ತಿರ ಕೇಳಿ: ನಮ್ಮ ಮಗುವಿನ ಗುಂಪಿನ ಪಾತ್ರೆಗೆ ಆ 28 ಬಗೆ ಬಳಸದ ರೂ ಹಾಕಬಹುದೇ, ಡಬ್ಬ ನಾವೇ ತಂದುಕೊಡಬಹುದೇ, ಮಾಂಸವನ್ನು ಬೇರೆ ಬಾಣಲೆಯಲ್ಲಿ ಹುರಿದು ಬೇಕಾದವರು ತಟ್ಟೆಗೆ ಹಾಕಿಕೊಳ್ಳಬಹುದೇ. ಅಲರ್ಜಿ ಇರುವ ಮಕ್ಕಳಿಗಾಗಿ ಇಂಥ ಏರ್ಪಾಡು ಶಾಲೆಗಳಿಗೆ ಹೊಸದಲ್ಲ. ಆದರೆ ಸಾಮಾನಿನ ಪಟ್ಟಿ ಮೊದಲೇ ಕಳಿಸಿರುತ್ತಾರೆ, ಹಿಂದಿನ ವಾರ ಹೇಳಿದರೆ ಬದಲಿಸಲು ಆಗುವುದಿಲ್ಲ. ಕೇಳುವ ಪತ್ರವನ್ನು ಜಪಾನಿಯಲ್ಲಿ ಬರೆದು ಇಟ್ಟಿದ್ದೇನೆ, ಬೇಕಾದವರು ಕೇಳಿ, ಇಲ್ಲೇ ಹಾಕುತ್ತೇನೆ.